ಇಪ್ಪತ್ತೇಳನೆಯ ಹಾಳೆ

ಬಾಬ್ ಅಲ್ ಬಹ್ರೈನಿನ ಹಿಂದೆ, ಬಂಗಾರದಂಗಡಿಗಳ ಬೆಳಕು
ಮುಗಿದುಹೋಗುವ ಓಣಿಯಲ್ಲಿ ನಮ್ಮ ಪ್ರೆಸ್ಸು.
ಮದುವೆ ಕಾರ್ಡು, ಶವರ್ಮಾ ಅಂಗಡಿಯ ದರಪಟ್ಟಿ, ರಸೀದಿ ಪುಸ್ತಕ.
ವರ್ಷಕ್ಕೆ ನಾಲ್ಕಾರು ಸಲ ಸಂಸತ್ತಿನಿಂದ ಮಸೂದೆ:
ನಲವತ್ತು ಪ್ರತಿ, ಹಸಿರು ರಟ್ಟು,
ಬೆಳಗಾಗುವುದರೊಳಗೆ.

ನಾನು ಬೈಂಡರು. ಕೈ ಪಳಗಿದ್ದು ಕುಂದಾಪುರದಲ್ಲಿ,
ಅಲ್ಲಿ ಪುಸ್ತಕದ ಬೆನ್ನು ಎಡಕ್ಕೆ. ಇಲ್ಲಿ ಬಲಕ್ಕೆ.
ಹನ್ನೊಂದು ವರ್ಷವಾದರೂ ನಿದ್ದೆಗಣ್ಣಿನಲ್ಲಿ
ಕೈ ಊರಿನ ಕಡೆಗೇ ತಿರುಗುತ್ತದೆ.

ಆ ರಾತ್ರಿಯೂ ತಿರುಗಿತು.
ಇಪ್ಪತ್ತೇಳನೆಯ ಹಾಳೆ, ಎಲ್ಲ ಪ್ರತಿಯಲ್ಲೂ, ತಲೆಕೆಳಗು.
ಗೊತ್ತಾದದ್ದು ವ್ಯಾನು ಹೊರಟ ಮೇಲೆ,
ಪ್ರೆಸ್ಸಿಗೆಂದು ಉಳಿಸಿಕೊಂಡ ಪ್ರತಿ ಬಿಡಿಸಿದಾಗ.
ಅಂಟಿನ ಬಟ್ಟಲಲ್ಲಿ ಬೆರಳು ಅಲ್ಲೇ ನಿಂತಿತು.
ಮಾಲೀಕರಿಗೆ ಹೇಳಲಿಲ್ಲ. ವೀಸಾ ರದ್ದಿನ ಮುದ್ರೆ
ಕೆಂಪೋ ನೀಲಿಯೋ ಎಂದು ಯೋಚಿಸುತ್ತ
ಮಂಗಳವಾರವಿಡೀ ಫೋನಿನ ಪಕ್ಕ ಕುಳಿತೆ.

ಫೋನು ಬರಲಿಲ್ಲ.
ಬುಧವಾರ ಪತ್ರಿಕೆ ಬಂತು: ಒಕ್ಕೊರಲಿನಿಂದ ಅಂಗೀಕಾರ.
ಗುರುವಾರ ವ್ಯಾನು ಬಂತು: ನಲವತ್ತೂ ಪ್ರತಿ,
ಚೂರು ಮಾಡಲು.

ಓದಿದ ಪುಸ್ತಕದ ಬೆನ್ನಿಗೆ ಸುಕ್ಕು ಬೀಳುತ್ತದೆ.
ಬೈಂಡರಿಗೆ ಅದು ಕತ್ತಲಲ್ಲೂ ಬೆರಳಿಗೆ ಸಿಗುತ್ತದೆ.
ಇವುಗಳ ಬೆನ್ನು ಹಾಲುಗಲ್ಲದಂತೆ ನುಣುಪು.
ಅಂಟು ಸೋರಿ ಕಚ್ಚಿಕೊಂಡ ಪುಟಗಳು
ಕಚ್ಚಿಕೊಂಡೇ ಮರಳಿವೆ.
ಒಂದರ ರಟ್ಟಿನ ಮೇಲೆ ಗಾವಾ ಲೋಟದ ಉಂಗುರ.
ಒಂದರ ಹಿಂದೆ ಯಾರೋ ಗೀಚಿದ ಟೈರಿನ ಅಳತೆ.
ಇನ್ನೊಂದರಲ್ಲಿ ಮಾತ್ರ, ನಲವತ್ತರಲ್ಲಿ ಒಂದೇ ಒಂದರಲ್ಲಿ,
ಇಪ್ಪತ್ತೇಳರ ಅಂಚಿಗೆ ಪೆನ್ಸಿಲಿನ ಪುಟ್ಟ ಬಾಣ,
ಸುತ್ತಿ ಮೇಲಕ್ಕೆ ಹೋಗುವಂಥದ್ದು.
ಯಾರೋ ತಿರುಗಿಸಿ ಓದಿದ್ದಾರೆ.
ಓದಿಯೂ ಕೈ ಎತ್ತಿದ್ದಾರೆ. ಒಕ್ಕೊರಲು ತಾನೇ?
ಅದೇಕೋ ಆ ಪ್ರತಿಯನ್ನು ಯಂತ್ರಕ್ಕೆ ಹಾಕಲಾಗಲಿಲ್ಲ.

ಗಂಗೊಳ್ಳಿಯ ಮದರಸದಲ್ಲಿ ಉಸ್ತಾದರ ಬೆತ್ತಕ್ಕೆ
ಅಲಿಫಿನದೂ ಐನಿನದೂ ಗಂಟಲು ಬೇರೆಯೆಂದು ಗೊತ್ತಿತ್ತು.
ಅರ್ಥವೇನು ಎಂದು ಕೇಳಿದೆ ಒಮ್ಮೆ. ಆಮೇಲೆ, ಎಂದರು.
ಆ ಆಮೇಲೆ ಬರುವ ಮೊದಲೇ
ಬಂದರಿನಲ್ಲಿ ಐಸು ಒಡೆಯಲು ಹೋದೆ.
ಹಾಗಾಗಿ ಈ ಲಿಪಿ ನನಗೆ ಬರುತ್ತದೆ, ಮಾತು ಬರುವುದಿಲ್ಲ.
ಮಾತು ಬರುವವರು ರಟ್ಟು ತೆರೆಯಲಿಲ್ಲ.

ಇಪ್ಪತ್ತೇಳನ್ನು ನೆಟ್ಟಗೆ ಹಿಡಿದು ಗಟ್ಟಿಯಾಗಿ ಓದಿದೆ,
ಒಂದಕ್ಷರ ತಪ್ಪದೆ, ಎಳೆಯುವಲ್ಲಿ ಎಳೆದು.
ಪ್ರೂಫ್ ನೋಡುವ ಇದ್ರೀಸ್, ಓಮ್ದುರ್ಮಾನಿನವನು,
ದಾರ ಕಟ್ಟಿದ ಕನ್ನಡಕ ಸರಿಸಿ ನಕ್ಕ:
"ಇಮಾಮನ ಹಾಗೆ ಓದುತ್ತೀಯಲ್ಲೋ!"
ನಗು ನಿಲ್ಲಿಸಿ, ಹರುಕು ಹಿಂದಿಯಲ್ಲಿ ಬಿಡಿಸಿದ:
ಕೆಲಸ ಬಿಟ್ಟವನು ಬಾಕಿ ಸಂಬಳಕ್ಕೆ ದೂರು ಕೊಡಲು
ಇಷ್ಟು ದಿನ ಒಂದು ವರ್ಷ.
ಇನ್ನು ಮೂವತ್ತು ದಿನ.
"ಯಾರ ಬಾಕಿ?"
"ನಿನ್ನದು. ನನ್ನದು. ಕೆಳಗೆ ಕಾರು ತೊಳೆಯುವ ಆ ಹುಡುಗನದು."

ಆಗ ನೆನಪಾಯಿತು, ಮುಂಬೈಯ ಡೋಂಗ್ರಿಯಲ್ಲಿ
ಏಜೆಂಟನ ಮೇಜು, ಹಾರುವ ಕಾಗದದ ಮೇಲೆ ಪೇಪರ್‌ವೇಟು,
ನಾನೂ ಆರು ಕಡೆ ಸಹಿ ಹಾಕಿದ್ದೆ.
ತಲೆ ಮೇಲಿತ್ತೋ ಕೆಳಗಿತ್ತೋ, ಯಾರು ನೋಡಿದರು?

ನಿನ್ನೆ ಒಪ್ಪಂದದ ನವೀಕರಣ. ಟೈಪಿಂಗ್ ಸೆಂಟರಿನಲ್ಲಿ
ಇಲ್ಲಿ, ಇಲ್ಲಿ, ಮತ್ತಿಲ್ಲಿ, ಎಂದ ಗುಮಾಸ್ತ.
ಬೆರಳಿಟ್ಟು ಮೊದಲ ಸಾಲಿನಿಂದ ಶುರು ಮಾಡಿದೆ, ದನಿ ಎತ್ತಿ.
ಹಿಂದಿನ ಸಾಲಿನಲ್ಲಿ ಮಲಯಾಳದ ಬೈಗುಳ, ಬಂಗಾಳಿಯ ನಿಟ್ಟುಸಿರು.
"ಅರ್ಥವಾಗುತ್ತದೇನು?"
"ಇಲ್ಲ."
"ಮತ್ತೇನು ಮಾಡುತ್ತಿದ್ದೀ?"

"ಇದ್ರೀಸ್ ನಾಲ್ಕು ಗಂಟೆಗೆ ಬರುತ್ತಾನೆ.
ಅಲ್ಲಿಯವರೆಗೆ
ಹಾಳೆ ನೆಟ್ಟಗಿದೆಯೋ ನೋಡುತ್ತಿದ್ದೇನೆ."